ನುಡಿಸಲು ಬಾರದೆಯೇ ಗಿಟಾರ್ ಕಟ್ಟಿದ ಲಿಯೋ ಫೆಂಡರ್, ಮತ್ತು ಬಿಡದೆ ಕಾಡುವ ಗುಂಯ್ ಸದ್ದು

ಪಿಕಪ್ ಎಂದರೆ ದಾಂಡೇಲಿ, ಹಳಿಯಾಳ ಕಡೆಯವರಿಗೆ ಮೊದಲು ನೆನಪಾಗುವುದು ಸಾಮಾನು ಸಾಗಿಸುವ ಗಾಡಿ. ಇಲ್ಲವೇ ಕಾಳಿ ನದಿಯ ಬೊಮ್ಮನಹಳ್ಳಿ ಪಿಕಪ್ ಡ್ಯಾಮ್. ಸೂಪಾದಿಂದ ಹರಿದು ಬಂದ ನೀರನ್ನು ಹಿಡಿದು ನಾಗಝರಿ ವಿದ್ಯುದಾಗಾರದ ಕಡೆಗೆ ತಿರುಗಿಸುವ ಅಣೆಕಟ್ಟು ಅದು. ಎಲೆಕ್ಟ್ರಿಕ್ ಗಿಟಾರಿನಲ್ಲೂ ಒಂದು ಪಿಕಪ್ ಇರುತ್ತದೆ. ಅದು ಹಿಡಿಯುವುದು ನೀರನ್ನಲ್ಲ, ತಂತಿಯ ಕಂಪನವನ್ನು. ತೊಂದರೆ ಏನೆಂದರೆ, ಸುತ್ತಲಿನ ವಯರಿಂಗಿನಲ್ಲಿ ಹರಿಯುವ ಕರೆಂಟಿನ ಮಿಡಿತವನ್ನೂ ಅದು ಬಿಡದೆ ಹಿಡಿದುಬಿಡುತ್ತದೆ. ಸ್ಪೀಕರಿನಿಂದ ಬರುವ ಆ ಗುಂಯ್ ಸದ್ದು ಅದೇ.

ಗಣೇಶೋತ್ಸವದ ಆರ್ಕೆಸ್ಟ್ರಾ, ಚರ್ಚಿನ ಗಾಯನ ತಂಡ, ಕಾಲೇಜಿನ ಗ್ಯಾದರಿಂಗ್, ಜೋಯಿಡಾದ ಹೋಂಸ್ಟೇಗಳ ಕ್ಯಾಂಪ್ ಫೈರ್, ಎಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆಯೋ ಅಲ್ಲಿ ಈ ಸದ್ದಿನ ಗೋಳೂ ಇದೆ. ಅದಕ್ಕೆ ಪರಿಹಾರ ಹೇಳುವವರಿಗೂ ಕಡಿಮೆಯಿಲ್ಲ. ಸದ್ದು ಮಾಡದ ಹೊಸ ಪಿಕಪ್ ಹಾಕಿಸಿ ಎನ್ನುವವರು ಕೆಲವರು. ಪ್ಲಗ್ಗಿನ ಮೂರನೇ ಪಿನ್ ಕಿತ್ತುಬಿಡಿ, ಸದ್ದು ಹೋಗುತ್ತದೆ ಎನ್ನುವವರು ಇನ್ನು ಕೆಲವರು. ಮೊದಲನೆಯ ಸಲಹೆ ಕೆಲವೊಮ್ಮೆ ಸರಿ, ಕೆಲವೊಮ್ಮೆ ದುಡ್ಡು ದಂಡ. ಎರಡನೆಯದು ಜೀವ ತೆಗೆಯುವ ಸಲಹೆ.

ಯಾವುದು ಏಕೆ ಎಂದು ತಿಳಿಯಲು ಒಬ್ಬ ರೇಡಿಯೋ ರಿಪೇರಿಗಾರರ ಬದುಕನ್ನು ನೋಡುವುದು ಒಳ್ಳೆಯದು. ಅವರ ಹೆಸರು ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್. ಜಗತ್ತಿಗೆ ಅವರು ಲಿಯೋ ಫೆಂಡರ್.

ಕಿತ್ತಳೆ ತೋಟದ ಹುಡುಗ

ಲಿಯೋ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅನಾಹೈಮ್ ಮತ್ತು ಫುಲರ್ಟನ್ ಊರುಗಳ ಆಸುಪಾಸಿನಲ್ಲಿ ಅವರ ತಂದೆ ತಾಯಿಗೆ ಕಿತ್ತಳೆ ತೋಟವಿತ್ತು. ಎಂಟು ವರ್ಷದವರಿದ್ದಾಗ ಎಡಗಣ್ಣಿನಲ್ಲಿ ಗೆಡ್ಡೆ ಬೆಳೆದು ಆ ಕಣ್ಣನ್ನೇ ತೆಗೆಯಬೇಕಾಯಿತು. ಆಮೇಲೆ ಜೀವನಪೂರ್ತಿ ಅಲ್ಲಿ ಗಾಜಿನ ಕಣ್ಣು. ಎರಡನೇ ಮಹಾಯುದ್ಧದಲ್ಲಿ ಸೇನೆಗೆ ಸೇರಬೇಕಾದ ಹೊತ್ತಿನಲ್ಲಿ ಇದೇ ಕಾರಣಕ್ಕೆ ಅವರಿಗೆ ವಿನಾಯಿತಿ ಸಿಕ್ಕಿತು.

ಚಿಕ್ಕಂದಿನಲ್ಲಿ ಪಿಯಾನೋ ಪಾಠಕ್ಕೆ ಹೋದರು, ಆಮೇಲೆ ಸ್ಯಾಕ್ಸೊಫೋನ್ ಹಿಡಿದರು. ಎರಡೂ ಮುಂದುವರಿಯಲಿಲ್ಲ. ಗಿಟಾರ್ ನುಡಿಸುವುದನ್ನಂತೂ ಅವರು ಕೊನೆಯವರೆಗೂ ಕಲಿಯಲಿಲ್ಲ. ಅವರ ಮನಸ್ಸು ಸೆಳೆದದ್ದು ರೇಡಿಯೋ. ಸಾಂಟಾ ಮರಿಯಾ ಎಂಬ ಊರಿನಲ್ಲಿ ಅವರ ಸಂಬಂಧಿ ಜಾನ್ ವೆಸ್ಟ್ ವಾಹನಗಳ ಎಲೆಕ್ಟ್ರಿಕಲ್ ಕೆಲಸದ ಅಂಗಡಿ ಇಟ್ಟಿದ್ದರು. ಅಲ್ಲಿ ಅವರೇ ಜೋಡಿಸಿದ ರೇಡಿಯೋ ಒಂದರಿಂದ ಜೋರಾಗಿ ಸಂಗೀತ ಕೇಳಿಬರುತ್ತಿತ್ತು. ಹದಿಹರೆಯದ ಲಿಯೋ ಅದಕ್ಕೆ ಮರುಳಾದರು. ಮನೆಗೆ ಬಂದು ತಾವೂ ರೇಡಿಯೋ ಬಿಚ್ಚುವುದು, ಜೋಡಿಸುವುದು ಶುರುಮಾಡಿದರು.

ಆದರೆ ಓದಿದ್ದು ಎಂಜಿನಿಯರಿಂಗ್ ಅಲ್ಲ. ಫುಲರ್ಟನ್ ಜೂನಿಯರ್ ಕಾಲೇಜಿನಲ್ಲಿ ಅಕೌಂಟಿಂಗ್. ಎಲೆಕ್ಟ್ರಾನಿಕ್ಸ್ ಕಲಿತದ್ದೆಲ್ಲ ಕೈಯಿಂದ, ತಪ್ಪು ಒಪ್ಪು ಮಾಡುತ್ತ.

ಕೆಲಸ ಹೋಯಿತು, ಅಂಗಡಿ ತೆರೆಯಿತು

ಮೊದಲು ಒಂದು ಐಸ್ ಕಂಪನಿಯಲ್ಲಿ ಲೆಕ್ಕ ಬರೆದರು. 1934ರಲ್ಲಿ ಎಸ್ತರ್ ಕ್ಲಾಸ್ಕಿ ಅವರನ್ನು ಮದುವೆಯಾದರು. ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ, ಆಮೇಲೆ ಟೈರ್ ಕಂಪನಿಯಲ್ಲಿ ಅದೇ ಲೆಕ್ಕಪತ್ರದ ಕೆಲಸ. ಅದು ಮಹಾ ಆರ್ಥಿಕ ಕುಸಿತದ ಕಾಲ. ಕೊನೆಗೆ ಆ ಕೆಲಸವೂ ಹೋಯಿತು.

1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ರೇಡಿಯೋ ಜೊತೆಗೆ ರೆಕಾರ್ಡ್ ಪ್ಲೇಯರ್, ಸಭೆಗಳ ಮೈಕ್ ಸೆಟ್, ಆಂಪ್ಲಿಫೈಯರ್ ಎಲ್ಲವೂ ರಿಪೇರಿಗೆ ಬರುತ್ತಿದ್ದವು. ಊರಿನ ವಾದ್ಯಗಾರರೂ ಬರತೊಡಗಿದರು.

ವಾದ್ಯಗಾರರ ತೊಂದರೆ ಒಂದೇ: ಗಿಟಾರ್ ಕೇಳಿಸುವುದಿಲ್ಲ. ಮುಂಡಗೋಡ, ಹಳಿಯಾಳ ಕಡೆಯ ಸಿದ್ದಿ ಸಮುದಾಯದವರು ಡಮಾಮಿ ಬಾರಿಸುವಾಗ ಪಕ್ಕದಲ್ಲಿ ಒಂದು ಸಾದಾ ಗಿಟಾರ್ ಮೀಟಿದರೆ ಏನಾಗುತ್ತದೆ ಎಂದು ಊಹಿಸಿ. ಡೋಲಿನ ಸದ್ದಿನಲ್ಲಿ ಅದು ಮುಳುಗಿಯೇ ಹೋಗುತ್ತದೆ. ಅಮೆರಿಕದ ಡಾನ್ಸ್ ಬ್ಯಾಂಡುಗಳಲ್ಲಿ ಡ್ರಮ್ಮು, ತುತ್ತೂರಿಗಳ ನಡುವೆ ಗಿಟಾರಿನ ಪಾಡು ಅದೇ ಆಗಿತ್ತು. 1930ರ ದಶಕದ ಆರಂಭದಲ್ಲೇ ಜಾರ್ಜ್ ಬೋಶಾಂ ಮತ್ತು ರಿಕನ್‌ಬ್ಯಾಕರ್ ಕಂಪನಿ ತಂತಿಯ ಹತ್ತಿರ ಅಯಸ್ಕಾಂತ ಮತ್ತು ಸುರುಳಿ ಇಟ್ಟು ಸದ್ದನ್ನು ವಿದ್ಯುತ್ತಾಗಿ ಹಿಡಿಯುವ ಗಿಟಾರನ್ನು ತಂದಿದ್ದವು. ಅಂದರೆ ಎಲೆಕ್ಟ್ರಿಕ್ ಗಿಟಾರನ್ನು ಲಿಯೋ ಫೆಂಡರ್ ಕಂಡುಹಿಡಿದರು ಎಂಬ ಮಾತು ನಿಜವಲ್ಲ. ಅವರು ಮಾಡಿದ್ದು ಬೇರೆ.

ರಿಕನ್‌ಬ್ಯಾಕರ್ ಕಂಪನಿಯ ಜೊತೆ ಕೆಲಸ ಮಾಡಿದ್ದ ಡಾಕ್ ಕಾಫ್‌ಮನ್ ಎಂಬ ವಾದ್ಯಗಾರ ಲಿಯೋ ಜೊತೆ ಸೇರಿಕೊಂಡರು. 1945ರಲ್ಲಿ ಇಬ್ಬರೂ ಕೆ ಅಂಡ್ ಎಫ್ ಎಂಬ ಹೆಸರಿನಲ್ಲಿ ತೊಡೆಯ ಮೇಲಿಟ್ಟು ನುಡಿಸುವ ಹವಾಯಿಯನ್ ಗಿಟಾರ್ ಮತ್ತು ಆಂಪ್ ತಯಾರಿಸಿದರು. ಮರುವರ್ಷ ಕಾಫ್‌ಮನ್ ಹೊರನಡೆದರು. ಲಿಯೋ ತಮ್ಮದೇ ಹೆಸರಿನ ಕಂಪನಿ ಕಟ್ಟಿದರು.

ಪಿಕಪ್ ಕೇಳಿಸಿಕೊಳ್ಳುವುದು ಹೇಗೆ?

ಇಲ್ಲಿ ಒಂದು ಕ್ಷಣ ನಿಂತು ಪಿಕಪ್ ಒಳಗೆ ಇಣುಕೋಣ. ಫೆಂಡರ್ ಬಗೆಯ ಪಿಕಪ್ ತುಂಬ ಸರಳ. ಆರು ತಂತಿಗಳಿಗೆ ಆರು ಪುಟ್ಟ ಅಯಸ್ಕಾಂತದ ಕಡ್ಡಿಗಳು. ಅವುಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸುಮಾರು 8 ಸಾವಿರ ಸುತ್ತು ಸುತ್ತಿರುತ್ತಾರೆ. ಇರುವುದು ಒಂದೇ ಸುರುಳಿ. ಅದಕ್ಕೇ ಇದಕ್ಕೆ ಸಿಂಗಲ್ ಕಾಯಿಲ್ ಪಿಕಪ್ ಎಂದು ಹೆಸರು.

ಗಿಟಾರಿನ ತಂತಿ ಉಕ್ಕಿನದು. ಕೆಳಗಿನ ಅಯಸ್ಕಾಂತದಿಂದ ಅದಕ್ಕೂ ಸ್ವಲ್ಪ ಕಾಂತಗುಣ ಬರುತ್ತದೆ. ತಂತಿ ಮೀಟಿದಾಗ ಅದು ನಡುಗುತ್ತದೆ, ಸುರುಳಿಯ ಸುತ್ತಲಿನ ಕಾಂತಕ್ಷೇತ್ರವೂ ಜೊತೆಗೆ ನಡುಗುತ್ತದೆ. ಸುರುಳಿಯೊಳಗೆ ಕಾಂತಕ್ಷೇತ್ರ ಬದಲಾದರೆ ಅಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಹಾಗೆ ಹುಟ್ಟಿದ ಪುಟ್ಟ ವಿದ್ಯುತ್ತನ್ನು ಆಂಪ್ ದೊಡ್ಡದು ಮಾಡುತ್ತದೆ, ಸ್ಪೀಕರ್ ಮತ್ತೆ ಸದ್ದಾಗಿಸುತ್ತದೆ.

ನಾಗಝರಿಯ ವಿದ್ಯುದಾಗಾರದಲ್ಲಿ ನಡೆಯುವುದೂ ಇದೇ ನಿಯಮದ ಕೆಲಸ. ಅಲ್ಲಿ ಕಾಳಿಯ ನೀರಿನ ರಭಸಕ್ಕೆ ದೊಡ್ಡ ಅಯಸ್ಕಾಂತ ತಿರುಗುತ್ತದೆ, ಸುತ್ತಲಿನ ಸುರುಳಿಗಳಲ್ಲಿ ಕರೆಂಟು ಹುಟ್ಟುತ್ತದೆ. ಗಿಟಾರಿನ ಪಿಕಪ್ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಜನರೇಟರ್. ಅದರ ಅಯಸ್ಕಾಂತ ತಿರುಗುವುದಿಲ್ಲ, ತಂತಿ ನಡುಗುತ್ತದೆ, ಅಷ್ಟೇ ವ್ಯತ್ಯಾಸ.

ಬಿಚ್ಚಿ ಜೋಡಿಸಬಹುದಾದ ಗಿಟಾರ್

ಆಕಾಶವಾಣಿ ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಅದೇ ವರ್ಷ ಫುಲರ್ಟನ್ನಿನ ಈ ರೇಡಿಯೋ ರಿಪೇರಿಗಾರರು ಬ್ರಾಡ್‌ಕಾಸ್ಟರ್ ಎಂಬ ಗಿಟಾರನ್ನು ಹೊರತಂದರು. ಆ ಹೆಸರನ್ನು ಹೋಲುವ ಡ್ರಮ್ ಸೆಟ್ ತಮ್ಮದಿದೆ ಎಂದು ಗ್ರೆಚ್ ಕಂಪನಿ ತಕರಾರು ತೆಗೆಯಿತು. ಹೆಸರು ಟೆಲಿಕಾಸ್ಟರ್ ಎಂದು ಬದಲಾಯಿತು. 1951ರಲ್ಲಿ ಎಲೆಕ್ಟ್ರಿಕ್ ಬೇಸ್ ಗಿಟಾರ್ ಬಂತು. 1954ರಲ್ಲಿ ಮೂರು ಪಿಕಪ್ಪಿನ ಸ್ಟ್ರಾಟೋಕಾಸ್ಟರ್ ಬಂತು. ಇಂದು ಪೇಟೆಯಲ್ಲಿ ಸಿಗುವ ಅಗ್ಗದ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಬಹಳಷ್ಟು ಈ ಸ್ಟ್ರಾಟೋಕಾಸ್ಟರಿನ ನಕಲುಗಳೇ.

ಈ ಗಿಟಾರುಗಳ ವಿಶೇಷ ಹೊರಗಿನ ಚೆಂದದಲ್ಲಿ ಮಾತ್ರ ಇಲ್ಲ. ಅದುವರೆಗಿನ ಗಿಟಾರುಗಳನ್ನು ಪಿಟೀಲು ಮಾಡುವವರ ಹಾಗೆ ಅಂಟು ಹಾಕಿ ಕಟ್ಟುತ್ತಿದ್ದರು. ಕತ್ತು ಸೊಟ್ಟಗಾದರೆ ದೊಡ್ಡ ರಿಪೇರಿ. ಫೆಂಡರ್ ಗಿಟಾರಿನ ಕತ್ತನ್ನು ನಾಲ್ಕು ಸ್ಕ್ರೂಗಳಲ್ಲಿ ಬಿಗಿದರು. ಒಡಲನ್ನು ಟೊಳ್ಳಾಗಿಸದೆ ಗಟ್ಟಿ ಮರದ ಹಲಗೆಯಲ್ಲಿ ಕೊರೆದರು. ಸ್ಟ್ರಾಟೋಕಾಸ್ಟರಿನಲ್ಲಿ ಮೂರೂ ಪಿಕಪ್, ಸ್ವಿಚ್, ವಾಲ್ಯೂಮ್ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂರಿಸಿದರು. ಕೆಲವು ಸ್ಕ್ರೂ ಬಿಚ್ಚಿದರೆ ಇಡೀ ಎಲೆಕ್ಟ್ರಿಕಲ್ ಭಾಗ ಕೈಗೆ ಬರುತ್ತದೆ.

ಇದು ಸಂಗೀತಗಾರರ ಯೋಚನೆಯಲ್ಲ, ರಿಪೇರಿಗಾರರ ಯೋಚನೆ. ತಾನು ಮಾರಿದ್ದು ಒಂದಲ್ಲ ಒಂದು ದಿನ ಕೆಡುತ್ತದೆ, ಯಾರೋ ಅದನ್ನು ಬಿಚ್ಚಬೇಕಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿದವರ ಯೋಚನೆ. ನುಡಿಸಲು ಬಾರದ ಕೊರತೆಯನ್ನು ಅವರು ಕಿವಿಗೊಟ್ಟು ತುಂಬಿಕೊಂಡರು. ಹೊಸ ಮಾದರಿಯನ್ನು ಊರಿನ ವಾದ್ಯಗಾರರಿಗೆ ಕೊಟ್ಟು, ಅವರು ಹೇಳಿದ ದೂರುಗಳನ್ನು ಕೇಳಿ ತಿದ್ದುತ್ತಿದ್ದರು. ಹವಾಯಿ ಮೂಲದ ವಾದ್ಯಗಾರ ಫ್ರೆಡ್ಡಿ ಟವಾರೆಸ್ ಸ್ಟ್ರಾಟೋಕಾಸ್ಟರಿನ ವಿನ್ಯಾಸದಲ್ಲಿ ಅವರ ಬಲಗೈ ಆಗಿದ್ದರು. ಅಂದಿನ ಆ ಸ್ಕ್ರೂಗಳ ದೆಸೆಯಿಂದಲೇ ಇಂದು ಹಳಿಯಾಳದ ಒಬ್ಬ ಹುಡುಗ ಒಂದು ಸ್ಕ್ರೂಡ್ರೈವರ್, ಒಂದು ಸೋಲ್ಡರಿಂಗ್ ಐರನ್ ಹಿಡಿದು ತನ್ನ ಗಿಟಾರಿನ ಪಿಕಪ್ ಬದಲಿಸಬಲ್ಲ.

ಹಾಗಾದರೆ ಗುಂಯ್ ಎಲ್ಲಿಂದ?

ನಮ್ಮ ಮನೆಯ ಕರೆಂಟು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಅದರ ಜೊತೆಗೇ ವಯರುಗಳ, ಅದಕ್ಕಿಂತ ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್ ಮತ್ತು ಹಳೆಯ ಟ್ಯೂಬ್‌ಲೈಟಿನ ಚೋಕ್‌ಗಳ ಸುತ್ತ ಕಾಂತಕ್ಷೇತ್ರವೂ ಮಿಡಿಯುತ್ತದೆ. ಪಿಕಪ್ಪಿನ ಸುರುಳಿಗೆ ಇದು ತಂತಿಯ ಮಿಡಿತ, ಇದು ಟ್ರಾನ್ಸ್‌ಫಾರ್ಮರಿನ ಮಿಡಿತ ಎಂದು ಬೇರ್ಪಡಿಸಲು ಬರುವುದಿಲ್ಲ. ಎರಡನ್ನೂ ವಿದ್ಯುತ್ತಾಗಿಸಿ ಮುಂದೆ ಕಳಿಸುತ್ತದೆ. 50ರ ಮಿಡಿತ ಮತ್ತು ಅದರ ಗುಣಕಗಳಾದ 100, 150ರ ಮಿಡಿತಗಳು ಸೇರಿ ನಮಗೆ ಗುಂಯ್ ಎಂದು ಕೇಳಿಸುತ್ತವೆ. ಅಮೆರಿಕದಲ್ಲಿ ಕರೆಂಟು ಸೆಕೆಂಡಿಗೆ 60 ಸಲ ಮಿಡಿಯುವುದರಿಂದ ಫೆಂಡರ್ ಕೇಳಿದ ಗುಂಯ್ ನಮ್ಮದಕ್ಕಿಂತ ಸ್ವಲ್ಪ ಎತ್ತರದ ಸ್ವರದ್ದು.

ಆದ್ದರಿಂದ ಸಿಂಗಲ್ ಕಾಯಿಲ್ ಗಿಟಾರ್ ಸ್ವಲ್ಪ ಗುಂಯ್ ಅಂದರೆ ಅದು ಕೆಟ್ಟಿದೆ, ನಕಲಿ ಮಾಲು, ಅಂಗಡಿಯವರು ಮೋಸ ಮಾಡಿದರು ಎಂದು ತಿಳಿಯಬೇಕಿಲ್ಲ. ಸಾವಿರಾರು ಡಾಲರಿನ ಅಸಲಿ ಗಿಟಾರೂ ಹಾಗೆಯೇ ಅನ್ನುತ್ತದೆ. ಸಂಗೀತ ಹುಟ್ಟಿಸುವ ನಿಯಮವೇ ಸದ್ದನ್ನೂ ಹುಟ್ಟಿಸುತ್ತಿದೆ.

ಎರಡು ಸುರುಳಿಯ ಉಪಾಯ

1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ತಂತ್ರಜ್ಞರು ಗುಂಯ್ ಕಳೆಯುವ ಪಿಕಪ್ಪಿಗೆ ಪೇಟೆಂಟ್ ಅರ್ಜಿ ಹಾಕಿದರು. ಹಂಬಕರ್ ಎಂದು ಹೆಸರಾದ ಆ ಪಿಕಪ್ಪಿನ ಉಪಾಯ ಶಾಲೆಯ ಗಣಿತದಷ್ಟೇ ಸರಳ.

ಅಕ್ಕಪಕ್ಕ ಎರಡು ಸುರುಳಿ ಇಡಿ. ಎರಡನೆಯದನ್ನು ಉಲ್ಟಾ ಜೋಡಿಸಿ. ಹೊರಗಿನಿಂದ ಬರುವ ಮಿಡಿತ ಎರಡಕ್ಕೂ ಸಮನಾಗಿ ತಟ್ಟುತ್ತದೆ. ಒಂದರಲ್ಲಿ ಕೂಡಿಸುವ, ಇನ್ನೊಂದರಲ್ಲಿ ಕಳೆಯುವ ವಿದ್ಯುತ್ ಹುಟ್ಟುತ್ತದೆ. ಎರಡೂ ಸೇರಿದಾಗ ಸೊನ್ನೆ. ಆದರೆ ಹಾಗೆ ಮಾಡಿದರೆ ತಂತಿಯ ಸದ್ದೂ ಸೊನ್ನೆಯಾಗಬೇಕಲ್ಲ? ಅದಕ್ಕೆ ಎರಡನೇ ಸುರುಳಿಯ ಅಯಸ್ಕಾಂತವನ್ನೂ ತಿರುಗಿಸಿ ಇಡುತ್ತಾರೆ. ಈಗ ತಂತಿಯ ಸದ್ದು ಎರಡು ಸಲ ಉಲ್ಟಾ ಆಯಿತು. ಋಣಕ್ಕೆ ಋಣ ಗುಣಿಸಿದರೆ ಧನ. ತಂತಿಯ ಸದ್ದು ಕೂಡಿಕೊಂಡಿತು, ಗುಂಯ್ ಕಳೆದುಹೋಯಿತು.

ಈ ಉಪಾಯವನ್ನು ಫೆಂಡರ್ ಕೂಡ ಬಳಸಿದರು. 1957ರಲ್ಲಿ ಅವರ ಬೇಸ್ ಗಿಟಾರಿನ ಪಿಕಪ್ ಎರಡು ತುಂಡಾಯಿತು. ಎರಡು ತಂತಿಗೆ ಒಂದು ಸುರುಳಿ, ಇನ್ನೆರಡಕ್ಕೆ ಉಲ್ಟಾ ಸುರುಳಿ. 1958ರ ಜಾಝ್‌ಮಾಸ್ಟರ್ ಗಿಟಾರಿನಲ್ಲಿ ಎರಡು ಪಿಕಪ್ ಒಟ್ಟಿಗೆ ಹಾಕಿದರೆ ಗುಂಯ್ ಕಡಿಮೆಯಾಗುತ್ತಿತ್ತು. ಆದರೆ ಅವರ ಅತಿ ಪ್ರಸಿದ್ಧ ಸ್ಟ್ರಾಟೋಕಾಸ್ಟರಿನ ಮೂರೂ ಪಿಕಪ್ ಒಂದೇ ದಿಕ್ಕಿನವು. ಅದು ಗುಂಯ್ ಎನ್ನುತ್ತಲೇ ಜಗತ್ತು ಸುತ್ತಿತು. 1969ರಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ನುಡಿಸಿದ್ದೂ ಅದನ್ನೇ.

ಎಲ್ಲರೂ ಹಂಬಕರಿಗೇ ಬದಲಾಗಲಿಲ್ಲ ಏಕೆ? ಅಕ್ಕಪಕ್ಕದ ಎರಡು ಸುರುಳಿಗಳು ತಂತಿಯ ಹೆಚ್ಚು ಅಗಲದ ಭಾಗವನ್ನು ಕೇಳಿಸಿಕೊಳ್ಳುತ್ತವೆ. ಸುತ್ತುಗಳೂ ಹೆಚ್ಚು. ಇದರಿಂದ ಸದ್ದಿನ ತೀಕ್ಷ್ಣ ಅಂಶ ತಗ್ಗಿ ನಾದ ದಪ್ಪವಾಗುತ್ತದೆ. ಸಿಂಗಲ್ ಕಾಯಿಲ್ಲಿನ ಗಾಜಿನಂಥ ಸ್ಪಷ್ಟ ನಾದ ಬೇಕೆನ್ನುವವರು ಗುಂಯ್ ಸಹಿಸಿಕೊಂಡರು.

ಕಾಯಿಲೆ, ಮಾರಾಟ, ಮತ್ತೆ ಕೆಲಸ

ಕಂಪನಿ ಏರುತ್ತಿದ್ದ ಕಾಲದಲ್ಲೇ ಲಿಯೋ ಅವರ ಆರೋಗ್ಯ ಕುಸಿಯಿತು. 1950ರ ದಶಕದ ನಡುವಿನಲ್ಲಿ ತಗುಲಿದ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಸೋಂಕು ವರ್ಷಗಟ್ಟಲೆ ಬಿಡಲಿಲ್ಲ. ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂದು ಅವರು ನಂಬಿದರು. 1965ರ ಜನವರಿಯಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದರು.

ಕೆಲವು ವರ್ಷಗಳಲ್ಲಿ ಬೇರೊಬ್ಬ ವೈದ್ಯರು ಹೆಚ್ಚಿನ ಪ್ರಮಾಣದ ಆಂಟಿಬಯೋಟಿಕ್ ಕೊಟ್ಟು ಆ ಸೋಂಕನ್ನು ವಾಸಿ ಮಾಡಿದರು. ಸಾಯುತ್ತೇನೆ ಎಂದುಕೊಂಡವರು ಕಂಪನಿ ಮಾರಿದ ಮೇಲೆ ಇನ್ನೂ 26 ವರ್ಷ ಬದುಕಿದರು. ಅಷ್ಟರಲ್ಲಿ ಅವರ ಹೆಸರು ಅವರ ಕೈಯಲ್ಲಿರಲಿಲ್ಲ. ಫೆಂಡರ್ ಎಂದು ಬರೆದ ಗಿಟಾರುಗಳನ್ನು ಬೇರೆಯವರು ತಯಾರಿಸುತ್ತಿದ್ದರು.

ಸ್ಪರ್ಧೆ ಮಾಡಬಾರದೆಂಬ ಒಪ್ಪಂದದ ಅವಧಿ ಮುಗಿದ ಮೇಲೆ, 1975ರಲ್ಲಿ, ಹಳೆಯ ಸಹೋದ್ಯೋಗಿಗಳ ಮ್ಯೂಸಿಕ್ ಮ್ಯಾನ್ ಕಂಪನಿಗೆ ಅಧ್ಯಕ್ಷರಾದರು. ಮರುವರ್ಷ ಬಂದ ಅಲ್ಲಿನ ಸ್ಟಿಂಗ್‌ರೇ ಬೇಸ್ ಗಿಟಾರಿನಲ್ಲಿ ಗುಂಯ್ ಕಳೆಯುವ ಎರಡು ಸುರುಳಿಯ ಪಿಕಪ್ಪೇ ಇತ್ತು. ಜೊತೆಗೆ ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್ ಗಿಟಾರಿನ ಒಳಗೇ ಇತ್ತು. 1979ರಲ್ಲಿ ಪತ್ನಿ ಎಸ್ತರ್ ತೀರಿಕೊಂಡರು. ಅದರ ಆಸುಪಾಸಿನಲ್ಲೇ ಹಳೆಯ ಒಡನಾಡಿ ಜಾರ್ಜ್ ಫುಲರ್ಟನ್ ಜೊತೆ ಜಿ ಅಂಡ್ ಎಲ್ ಎಂಬ ಕಂಪನಿ ಶುರುಮಾಡಿದರು. 1980ರಲ್ಲಿ ಫಿಲಿಸ್ ಅವರನ್ನು ಮದುವೆಯಾದರು. ಎಪ್ಪತ್ತು ದಾಟಿದ ಮೇಲೂ ಪಿಕಪ್ ಸುತ್ತುವುದು, ತಿದ್ದುವುದು ನಿಲ್ಲಲಿಲ್ಲ.

ಗುಂಯ್ ಇಲ್ಲದ ಸಿಂಗಲ್ ಕಾಯಿಲ್

ಸಿಂಗಲ್ ಕಾಯಿಲ್ ನಾದವೂ ಬೇಕು, ಗುಂಯ್ ಬೇಡ ಎಂಬ ಆಸೆಗೆ ಹಲವು ಕಂಪನಿಗಳು ಹಲವು ದಾರಿ ಹುಡುಕಿವೆ. ಲಿಯೋ ಹೊರಬಂದಿದ್ದ ಫೆಂಡರ್ ಕಂಪನಿಯೇ 1987ರಲ್ಲಿ ಲೇಸ್ ಸೆನ್ಸರ್ ಎಂಬ ಕಡಿಮೆ ಸದ್ದಿನ ಪಿಕಪ್ ಹಾಕಿದ ಸ್ಟ್ರಾಟೋಕಾಸ್ಟರ್ ತಂದಿತು. ಇಂದು ಅಂಗಡಿಯಲ್ಲಿ ಸಿಗುವವು ಮುಖ್ಯವಾಗಿ ಈ ಬಗೆಗಳು.

ಒಂದು, ಮಹಡಿ ಬಗೆ. ಒಂದರ ಕೆಳಗೆ ಒಂದು ಸುರುಳಿ. ಮೇಲಿನದು ತಂತಿಯನ್ನೂ ಗುಂಯನ್ನೂ ಕೇಳುತ್ತದೆ. ಕೆಳಗಿನದು ದೂರವಿರುವುದರಿಂದ ಹೆಚ್ಚಾಗಿ ಗುಂಯ್ ಮಾತ್ರ ಕೇಳುತ್ತದೆ. ಕಳೆದರೆ ಉಳಿಯುವುದು ತಂತಿಯ ಸದ್ದು.

ಎರಡು, ಅಕ್ಕಪಕ್ಕದ ಕಿರಿದಾದ ಸುರುಳಿಗಳು. ಹಂಬಕರನ್ನೇ ಸಿಂಗಲ್ ಕಾಯಿಲ್ ಅಳತೆಗೆ ಕುಗ್ಗಿಸಿದ ಹಾಗೆ. ಗುಂಯ್ ಹೋಗುತ್ತದೆ, ನಾದ ಮಾತ್ರ ಸ್ವಲ್ಪ ದಪ್ಪ.

ಮೂರು, ತುಂಡು ಸುರುಳಿ. ಮೂರು ತಂತಿಗೆ ಒಂದು, ಉಳಿದ ಮೂರಕ್ಕೆ ಉಲ್ಟಾ ಇನ್ನೊಂದು. 1957ರ ಬೇಸ್ ಗಿಟಾರಿನ ಉಪಾಯವೇ ಇದು.

ಯಾವುದೂ ಮಾಯಾಜಾಲವಲ್ಲ. ಎರಡನೇ ಸುರುಳಿ ಸೇರಿದ ಕೂಡಲೇ ನಾದ ಒಂದಿಷ್ಟಾದರೂ ಬದಲಾಗುತ್ತದೆ. ಒಳ್ಳೆಯ ಪಿಕಪ್ಪುಗಳಲ್ಲಿ ಆ ಬದಲಾವಣೆ ತೀರಾ ಕಡಿಮೆ, ಅಗ್ಗದವುಗಳಲ್ಲಿ ಎದ್ದು ಕಾಣುತ್ತದೆ.

ಖರ್ಚು ಮಾಡುವ ಮೊದಲು ನಾಲ್ಕು ಪರೀಕ್ಷೆ

1. ಗಿಟಾರಿನ ವಾಲ್ಯೂಮ್ ಪೂರ್ತಿ ಸೊನ್ನೆಗೆ ತಿರುಗಿಸಿ. ಆಗಲೂ ಅಷ್ಟೇ ಗುಂಯ್ ಇದ್ದರೆ ತಪ್ಪು ಪಿಕಪ್ಪಿನದಲ್ಲ. ಕೇಬಲ್, ಆಂಪ್ ಅಥವಾ ಅರ್ಥಿಂಗ್ ನೋಡಿಸಿ.

2. ವಾಲ್ಯೂಮ್ ಏರಿಸಿ, ಗಿಟಾರ್ ಹಿಡಿದು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ದಿಕ್ಕಿಗೆ ತಕ್ಕಂತೆ ಗುಂಯ್ ಹೆಚ್ಚು ಕಡಿಮೆ ಆದರೆ ಅದು ಸುರುಳಿ ಹಿಡಿಯುತ್ತಿರುವ ಕಾಂತಕ್ಷೇತ್ರ. ಇದಕ್ಕೆ ಹೊಸ ಪಿಕಪ್ ನಿಜಕ್ಕೂ ಮದ್ದು. ಆಂಪಿನಿಂದ ನಾಲ್ಕು ಹೆಜ್ಜೆ ದೂರ ನಿಂತರೂ ಎಷ್ಟೋ ಕಡಿಮೆಯಾಗುತ್ತದೆ. ಆ ಮದ್ದಿಗೆ ದುಡ್ಡಿಲ್ಲ.

3. ತಂತಿಗಳ ಮೇಲೆ ಕೈ ಇಟ್ಟಾಗ ಸದ್ದು ತಗ್ಗಿದರೆ ಗಾಬರಿ ಬೇಡ. ನಮ್ಮ ಮೈ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ಆಂಟೆನಾದಂತೆ ಹಿಡಿದಿರುತ್ತದೆ. ತಂತಿ ಮುಟ್ಟಿದಾಗ ಅದು ನೆಲಕ್ಕೆ ಇಳಿಯುತ್ತದೆ. ಈ ಬಗೆಯ ಕಿರಿಕಿರಿಗೆ ಹೊಸ ಪಿಕಪ್ ಉಪಯೋಗವಿಲ್ಲ. ಗಿಟಾರಿನ ಒಳಗುಳಿಗೆ ತಾಮ್ರದ ಹಾಳೆ ಅಂಟಿಸಿ ಅರ್ಥಿಗೆ ಜೋಡಿಸಿದರೆ ಗುಣ ಕಾಣುತ್ತದೆ.

4. ಸ್ಟ್ರಾಟೋಕಾಸ್ಟರ್ ಬಗೆಯ ಗಿಟಾರಿನ ಐದು ಹಂತದ ಸ್ವಿಚ್ಚನ್ನು ಎರಡನೇ, ನಾಲ್ಕನೇ ಹಂತಕ್ಕೆ ಹಾಕಿ ನೋಡಿ. ಅಲ್ಲಿ ಗುಂಯ್ ನಿಂತರೆ ನಿಮ್ಮ ನಡುವಿನ ಪಿಕಪ್ ಈಗಾಗಲೇ ಉಲ್ಟಾ ಸುತ್ತಿನದು. ಆ ಹಂತಗಳಲ್ಲಿ ನುಡಿಸಿದರೆ ಸಾಕಾಗಬಹುದು.

ಇಷ್ಟಾದ ಮೇಲೂ ಪಿಕಪ್ ಬದಲಿಸುವುದಾದರೆ ಕೆಲವು ಮಾತು. ಮೂರನ್ನೂ ಒಂದೇ ಸೆಟ್ಟಿನಲ್ಲಿ ಕೊಳ್ಳಿ. ಮಹಡಿ ಬಗೆಯವು ಆಳ ಹೆಚ್ಚು ಬೇಡುತ್ತವೆ, ನಿಮ್ಮ ಗಿಟಾರಿನ ಗುಳಿ ಅಳೆದು ನೋಡಿ. ಬಿಚ್ಚುವ ಮೊದಲು ಹಳೆಯ ವಯರುಗಳ ಜೋಡಣೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ವಯರಿನ ಬಣ್ಣಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಪೆಟ್ಟಿಗೆಯಲ್ಲಿ ಬಂದ ಚಿತ್ರವನ್ನೇ ನಂಬಿ. ಕೆಲವು ಪಿಕಪ್ಪುಗಳಿಗೆ ಬೇರೆ ಮೌಲ್ಯದ ವಾಲ್ಯೂಮ್ ಕಂಟ್ರೋಲ್ ಬೇಕಾಗುತ್ತದೆ. ಕೂರಿಸುವಾಗ ತಂತಿಗೆ ತೀರಾ ಹತ್ತಿರ ತರಬೇಡಿ, ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ಕೆಡಿಸುತ್ತದೆ. ಗಿಟಾರನ್ನು ಆಂಪಿನಿಂದ ಬಿಡಿಸಿದ ಮೇಲೆಯೇ ಕೆಲಸ ಶುರುಮಾಡಿ. ಆಂಪನ್ನು ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಮೂರನೇ ಪಿನ್ ಮುಟ್ಟಬೇಡಿ

ಈಗ ಎರಡನೇ ಸಲಹೆಗೆ ಬರೋಣ. ಆಂಪಿನ ಪ್ಲಗ್ಗಿನ ದಪ್ಪ ಪಿನ್ ಅರ್ಥಿಂಗಿನದು. ಎರಡು ಆಂಪ್, ಮಿಕ್ಸರ್ ಒಟ್ಟಿಗೆ ಜೋಡಿಸಿದಾಗ ಅರ್ಥ್ ದಾರಿ ಎರಡಾಗಿ ಒಂದು ಬಗೆಯ ಗುಂಯ್ ಬರುವುದು ನಿಜ. ಪಿನ್ ಕಿತ್ತರೆ ಆ ಸದ್ದು ಕೆಲವೊಮ್ಮೆ ನಿಲ್ಲುವುದೂ ನಿಜ. ಅದಕ್ಕೇ ಈ ಸಲಹೆ ಹಬ್ಬುತ್ತದೆ.

ಆದರೆ ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಲೋಹದ ಒಡಲಿಗೆ ಜೋಡಿಕೊಂಡಿರುತ್ತವೆ. ಆಂಪಿನ ಒಳಗೆ ಒಂದು ವಯರು ಕಳಚಿ ಒಡಲಿಗೆ ತಗುಲಿದರೆ, ಅರ್ಥ್ ಇದ್ದಾಗ ಫ್ಯೂಸ್ ಹೋಗುತ್ತದೆ ಅಥವಾ ಟ್ರಿಪ್ ಆಗುತ್ತದೆ. ಅರ್ಥ್ ಇಲ್ಲದಿದ್ದರೆ 230 ವೋಲ್ಟ್ ನೇರವಾಗಿ ನುಡಿಸುವವರ ಬೆರಳಿನ ಕೆಳಗೆ ಬರುತ್ತದೆ. ತುಟಿ ಮೈಕಿಗೆ ತಗುಲಿದರೆ ಕರೆಂಟು ಎದೆಯ ಮೂಲಕ ಹಾದುಹೋಗುತ್ತದೆ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್‌ಸೀಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ವೇದಿಕೆಯ ಮೇಲೆ ಸತ್ತದ್ದು ಹೀಗೆಯೇ, ಸರಿಯಾಗಿ ಅರ್ಥ್ ಆಗದ ಮೈಕ್ ಮುಟ್ಟಿ. ಆಗ ಅವರಿಗೆ 27 ವರ್ಷ.

ಜೋಯಿಡಾ, ದಾಂಡೇಲಿಯ ಮಳೆಗಾಲ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಗಣೇಶ ಹಬ್ಬ ಬರುವುದೂ ನೆಲ ಇನ್ನೂ ಒದ್ದೆಯಿರುವಾಗಲೇ. ಒದ್ದೆ ನೆಲ, ಬರಿಗಾಲು, ಪೆಂಡಾಲಿಗೆ ಎಳೆದ ತಾತ್ಕಾಲಿಕ ವಯರು, ಅದರ ಮೇಲೆ ಅರ್ಥ್ ಇಲ್ಲದ ಆಂಪ್. ಇದಕ್ಕಿಂತ ಅಪಾಯದ ಜೋಡಣೆ ಇಲ್ಲ. ಆಂಪ್, ಮಿಕ್ಸರ್ ಎಲ್ಲವನ್ನೂ ಅರ್ಥ್ ಇರುವ ಒಂದೇ ಬೋರ್ಡಿಗೆ ಹಾಕಿದರೆ ಆ ಗುಂಯ್ ಬಹುತೇಕ ಹೋಗುತ್ತದೆ. ಉಳಿದದ್ದಕ್ಕೆ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಬಳಸುತ್ತಾರೆ. ಸೋರುವ ಕರೆಂಟನ್ನು ಗುರುತಿಸಿ ಥಟ್ಟನೆ ಆಫ್ ಮಾಡುವ ಆರ್‌ಸಿಸಿಬಿ ಸ್ವಿಚ್ ಪೆಂಡಾಲಿನ ಬೋರ್ಡಿನಲ್ಲಿ ಇರಲೇಬೇಕು.

ಕೊನೆಯ ದಿನದವರೆಗೂ

ಲಿಯೋ ಫೆಂಡರ್ ಅವರನ್ನು ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಹಿಡಿಯಿತು. ಕೂದಲೆಳೆಯಂಥ ತಂತಿ ಸುತ್ತಿಸಿ ಬದುಕು ಕಟ್ಟಿಕೊಂಡವರನ್ನು ಕೈ ನಡುಗಿಸುವ ಕಾಯಿಲೆಯೇ ಹಿಡಿಯಿತು. ಆದರೂ ಜಿ ಅಂಡ್ ಎಲ್‌ನ ತಮ್ಮ ಕೋಣೆಗೆ ಬರುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಹಿಂದಿನ ದಿನವೂ ಕೆಲಸಕ್ಕೆ ಹೋಗಿದ್ದರು. ಮರುವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡಿತು. ಒಂದು ಹಾಡನ್ನೂ ನುಡಿಸದವರಿಗೆ ನುಡಿಸುವವರ ಸಾಲಿನಲ್ಲಿ ಜಾಗ ಸಿಕ್ಕಿತು.

ಫಾರ್ವರ್ಡ್ ಮಾಡುವಾಗ ಇಷ್ಟು ನೆನಪಿರಲಿ

ಎಲೆಕ್ಟ್ರಿಕ್ ಗಿಟಾರನ್ನು ಫೆಂಡರ್ ಕಂಡುಹಿಡಿದರು: ತಪ್ಪು. ಗಟ್ಟಿ ಒಡಲಿನ, ಸುಲಭವಾಗಿ ಬಿಚ್ಚಿ ಜೋಡಿಸಬಹುದಾದ ಗಿಟಾರನ್ನು ಜನರ ಕೈಗೆ ತಲುಪಿಸಿದರು.

ಗುಂಯ್ ಎನ್ನುವ ಗಿಟಾರ್ ಕೆಟ್ಟಿದೆ: ತಪ್ಪು. ಸಿಂಗಲ್ ಕಾಯಿಲ್ ಪಿಕಪ್ಪಿಗೆ ಅದು ಸಹಜ.

ಹೊಸ ಪಿಕಪ್ ಹಾಕಿದರೆ ಎಲ್ಲ ಸದ್ದೂ ಹೋಗುತ್ತದೆ: ಅರ್ಧ ಸತ್ಯ. ಸುರುಳಿ ಹಿಡಿಯುವ ಸದ್ದು ಮಾತ್ರ ಹೋಗುತ್ತದೆ. ಮೊದಲು ನಾಲ್ಕು ಪರೀಕ್ಷೆ ಮಾಡಿ.

ಅರ್ಥ್ ಪಿನ್ ಕಿತ್ತರೆ ಗುಂಯ್ ಹೋಗುತ್ತದೆ: ಇದು ಯಾವ ಗುಂಪಿನಲ್ಲಿ ಬಂದರೂ ಅಲ್ಲಿಯೇ ತಡೆಯಿರಿ. ಗುಂಯ್ ಇದ್ದರೂ ಹಾಡು ಮುಗಿಯುತ್ತದೆ, ಅರ್ಥ್ ಇಲ್ಲದಿದ್ದರೆ ಹಾಡುವವರೇ ಮುಗಿಯಬಹುದು. ನಿಮ್ಮ ಊರಿನ ಆರ್ಕೆಸ್ಟ್ರಾ ಹುಡುಗರಿಗೆ, ಮೈಕ್ ಸೆಟ್ಟಿನವರಿಗೆ ಈ ಮಾತನ್ನು ಹಬ್ಬಕ್ಕೆ ಮೊದಲೇ ತಲುಪಿಸಿ.